ಒದ್ದೆ ವಲ್ಲಿ

ಆ ಭಾನುವಾರ ರಾಣೆಬೆನ್ನೂರಿನ ಕುರಿ ಸಂತೆಯಲ್ಲಿ ಒಂದೇ ಟಗರಿನ ಮೇಲೆ ನಲವತ್ತೊಂದು ತುಂಬಿಗಳು ಹಾರಾಡುತ್ತಿದ್ದವು. ಟಗರು ಅಂಥ ಚೆಲುವನೇನೂ ಅಲ್ಲ. ಒಂದು ಕೊಂಬು ಸೊಟ್ಟ, ಬೆನ್ನ ಮೇಲಿನ ಉಣ್ಣೆ ಅಲ್ಲಲ್ಲಿ ಉದುರಿತ್ತು. ತುಂಬಿಗಳು ನೋಡುತ್ತಿದ್ದದ್ದೂ ಅದನ್ನಲ್ಲ. ಟಗರಿನ ಪಕ್ಕದಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು ಎದುರುಬದುರು ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರಿಬ್ಬರ ಬಲಗೈಗಳ ಮೇಲೆ ನೀಲಿ ಅಂಚಿನ ಒಂದು ವಲ್ಲಿ ಹೊದಿಸಿತ್ತು.

ವಲ್ಲಿ ಅಂದರೆ ಹೆಗಲ ಮೇಲಿನ ಟವೆಲ್ಲು. ಬೆವರು ಒರೆಸಲಿಕ್ಕೆ, ಬಿಸಿಲಿಗೆ ತಲೆಗೆ ಸುತ್ತಲಿಕ್ಕೆ, ಬಸ್ಸಿನಲ್ಲಿ ಸೀಟು ಹಿಡಿಯಲಿಕ್ಕೆ ಇರುವ ಬಟ್ಟೆ. ಅದರ ಕೆಳಗೆ ಬೆರಳುಗಳು ಏನೋ ಮಾಡುತ್ತಿದ್ದವು. ಬಟ್ಟೆ ಒಮ್ಮೆ ಉಬ್ಬುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಹೆಂಗಸಿನ ಮುಖ ಗಂಭೀರವಾಗಿತ್ತು. ಗಂಡಸು ಒಂದು ಸಲ ನಕ್ಕ. ಆ ನಗೆಯನ್ನು ನಲವತ್ತೊಂದು ಕ್ಯಾಮೆರಾಗಳು ಹಿಡಿದವು, ಸಾವಿರಾರು ಜನ ಮನೆಯಲ್ಲಿ ಕೂತು ಅದನ್ನು ತಿರುತಿರುಗಿಸಿ ನೋಡಿದರು, ಒಬ್ಬರಿಗೂ ಒಂದಕ್ಷರ ತಿಳಿಯಲಿಲ್ಲ.

ಇದು ಐದನೆಯ ವಾರ. ಅದೇ ಟಗರು, ಅದೇ ವಲ್ಲಿ, ಅದೇ ಇಬ್ಬರು. ವ್ಯಾಪಾರ ಕುದುರುತ್ತಲೂ ಇರಲಿಲ್ಲ, ಮುರಿಯುತ್ತಲೂ ಇರಲಿಲ್ಲ. ಐದು ವಾರ ಚೌಕಾಸಿ ಮಾಡಿಸಿಕೊಳ್ಳುವ ಟಗರೆಂದರೆ ಅದರಲ್ಲೇನೋ ವಿಶೇಷ ಇರಲೇಬೇಕೆಂದು ಹರಿಹರದ ಸಾಹುಕಾರನೊಬ್ಬ ಅದನ್ನು ಕೊಳ್ಳಲು ಕಾರು ಮಾಡಿಕೊಂಡು ಬಂದಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ಮಾರಾಟಕ್ಕಿಲ್ರಿ" ಅಂದುಬಿಟ್ಟ ಆ ಗಂಡಸು. ಮಾರಾಟಕ್ಕಿಲ್ಲದ ಟಗರಿಗೆ ಐದು ವಾರದಿಂದ ನಡೆದಿರುವುದು ಎಂಥ ಚೌಕಾಸಿ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತು.

ಹೆಂಗಸಿನ ಹೆಸರು ಚಂದನವ್ವ. ಹುಟ್ಟಿದಾಗ ಇಟ್ಟದ್ದು ಚಂದನಾ ಎಂಬ ನಾಜೂಕಿನ ಹೆಸರೇ. ಆದರೆ ನಮ್ಮ ಕಡೆ ಎಂಥ ನಾಜೂಕಿನ ಹೆಸರಿಗೂ ನಲವತ್ತು ದಾಟಿದ ಮೇಲೆ ಒಂದು 'ಅವ್ವ' ಅಂಟಿಕೊಳ್ಳದೆ ಬಿಡುವುದಿಲ್ಲ. ಆಕೆಗೀಗ ನಲವತ್ತೆಂಟು. ಗಂಡ ತೀರಿ ಆರು ವರ್ಷ. ಊರ ಹೊರಗೆ ಬೀಜದ ಕಂಪನಿಯ ನೆಟ್ ಹೌಸಿನಲ್ಲಿ, ಅಂದರೆ ಬಲೆ ಹೊದಿಸಿ ಗಿಡ ಬೆಳೆಸುವ ಮನೆಯಲ್ಲಿ, ಇಪ್ಪತ್ತು ಹೆಂಗಸರ ಗುಂಪಿಗೆ ಮೇಸ್ತ್ರಿ. ಗಂಡಸು ಸಮರ್ಥ ಕುರಿಯವರ, ಸಂತೆಯ ದಲ್ಲಾಳಿ, ಆಕೆಗಿಂತ ನಾಲ್ಕು ವರ್ಷ ದೊಡ್ಡವನು.

ಇನ್ನು ತುಂಬಿಯ ವಿಚಾರ. ಅದು ಹುಟ್ಟಿದ್ದು ಇಣುಕಲಿಕ್ಕಲ್ಲ. ಹತ್ತು ವರ್ಷದ ಹಿಂದೆ, ಜೇನುನೊಣಗಳು ಕಾಣೆಯಾಗುತ್ತಿದ್ದ ಕಾಲದಲ್ಲಿ, ಅದೇ ಬೀಜದ ಕಂಪನಿಯ ಪ್ರಯೋಗಾಲಯದಲ್ಲಿದ್ದ ಡಾಕ್ಟರ್ ನಿಹಾರಿಕಾ ಮುದ್ದಣ್ಣವರ ಎಂಬುವರು ಒಂದು ಸೋಜಿಗ ಕಂಡುಹಿಡಿದರು. ರೇಷ್ಮೆಯ ಎಳೆಗೆ ಒಂದು ಬಗೆಯ ಲೇಪ ಬಳಿದು, ತೀರ ಕಡಿಮೆ ವಿದ್ಯುತ್ತು ಹಾಯಿಸಿದರೆ ಅದು ನಮ್ಮ ತೋಳಿನ ಸ್ನಾಯುವಿನ ಹಾಗೆ ಸೆಟೆಯುತ್ತದೆ, ಬಿಟ್ಟರೆ ಸಡಿಲುತ್ತದೆ. ಸೆಕೆಂಡಿಗೆ ಇನ್ನೂರು ಸಲ ಹೀಗೆ ಮಾಡಿಸಿದರೆ ಅದಕ್ಕೆ ಕಟ್ಟಿದ ರೆಕ್ಕೆ ಬಡಿಯುತ್ತದೆ. ಮೋಟಾರಿಲ್ಲ, ಅಂಥ ಸದ್ದೂ ಇಲ್ಲ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಬಿಸಿಲಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅರಳಿದ ಹೂವಿಗೂ ಅರಳದ ಹೂವಿಗೂ ವ್ಯತ್ಯಾಸ ತಿಳಿಯಲೆಂದು ಅದಕ್ಕೊಂದು ಕಣ್ಣಿಟ್ಟರು, ಕ್ಯಾಮೆರಾ. ಹೂವಿಂದ ಹೂವಿಗೆ ಪರಾಗ ಒಯ್ದು ಜೇನಿನ ಕೆಲಸ ಮಾಡಲಿ ಎಂಬುದು ಆಯಮ್ಮನ ಆಸೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ರೆಕ್ಕೆಯ ಗಾಳಿಗೆ ಪರಾಗ ಹಾರಿಹೋಗುತ್ತಿತ್ತು. ಎಷ್ಟು ತಿದ್ದಿದರೂ ಹೂವು ಕಾಯಿಗಟ್ಟಲಿಲ್ಲ. ಹೂವಿನ ಕೆಲಸಕ್ಕೆ ಬಾರದ ತುಂಬಿಯನ್ನು ಕಂಪನಿ ಪೆಟ್ಟಿಗೆಯಲ್ಲಿಟ್ಟು ಜನಕ್ಕೆ ಮಾರಿತು, ಒಂದು ಜೊತೆ ಚಪ್ಪಲಿಯ ಬೆಲೆಗೆ. ಎರಡೇ ವರ್ಷದಲ್ಲಿ ಚಪ್ಪಲಿ ಇಲ್ಲದವರ ಕೈಯಲ್ಲೂ ತುಂಬಿ ಇತ್ತು.

ಮೊದಮೊದಲು ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ತಪ್ಪಿಸಿಕೊಂಡ ಎಮ್ಮೆ ಸಿಕ್ಕಿತು, ಹೊಲದ ಪಂಪ್‌ಸೆಟ್ಟಿನ ವೈರು ಕದಿಯುವವರು ಸಿಕ್ಕಿಬಿದ್ದರು. ಆಮೇಲೆ ಸೊಸೆ ಒಗ್ಗರಣೆಗೆ ಎಷ್ಟು ಎಣ್ಣೆ ಹಾಕುತ್ತಾಳೆ ಎಂದು ಅತ್ತೆ ನೋಡಿದಳು. ಅತ್ತೆ ಗುಡಿಯ ಕಟ್ಟೆಯ ಮೇಲೆ ಯಾರ ಹತ್ತಿರ ತನ್ನ ಚಾಡಿ ಹೇಳುತ್ತಾಳೆ ಎಂದು ಸೊಸೆ ನೋಡಿದಳು. ಯಾರದೋ ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆದರೆ ಉಪ್ಪಿಟ್ಟಿಗಿಂತ ಮೊದಲು ತುಂಬಿಗಳು ಬಂದಿರುತ್ತಿದ್ದವು. ದೂರದಿಂದ ಮಾತು ಕೇಳಿಸುವುದಿಲ್ಲ ಎಂಬ ಒಂದು ಸಮಾಧಾನವಿತ್ತು. ತುಟಿಯ ಚಲನೆ ನೋಡಿ ಮಾತನ್ನು ಬರೆದುಕೊಡುವ ತಂತ್ರ ಬಂದ ಮೇಲೆ ಅದೂ ಹೋಯಿತು. ಬಾಯಿಗೆ ಸೆರಗು ಹಿಡಿದರೆ ಗುಮಾನಿ, ಕಿಟಕಿ ಹಾಕಿದರೆ ಇನ್ನೂ ದೊಡ್ಡ ಗುಮಾನಿ. ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಈಗ ಗಾಳಿಗೆ ಕಣ್ಣೂ ಬಂದಿತ್ತು. ಯಾರಾದರೂ ಗೊಣಗಿದರೆ ಉತ್ತರ ಸಿದ್ಧವಾಗಿರುತ್ತಿತ್ತು: "ಮುಚ್ಚಿಡೋವಂಥಾದ್ದು ಏನೈತಿ ನಿಂದು?"

ಚಂದನವ್ವನಿಗೆ ಈ ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು. ಅದಕ್ಕೆ ಕಾರಣವಿತ್ತು. ಗಂಡ ಸತ್ತ ಮೂರನೆಯ ದಿನ, ಅತ್ತು ಅತ್ತು ಕಣ್ಣು ಕತ್ತಲೆ ಬಂದು, ಆಕೆ ಹಿತ್ತಲಲ್ಲಿ ನಿಂತು ಒಂದು ಹಿಡಿ ಶೇಂಗಾ, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಅದು ಊರಿಗೆಲ್ಲ ಗೊತ್ತಾಗಿತ್ತು. "ಮೂರು ದಿನಕ್ಕ ಬೆಲ್ಲಾ ತಿಂದಾಕಿ" ಎಂದು ಹೆಸರೂ ಬಿತ್ತು. ಯಾರ ತುಂಬಿ ಅದನ್ನು ನೋಡಿತೋ ಆಕೆಗೆ ಇವತ್ತಿಗೂ ಗೊತ್ತಿಲ್ಲ. ಅಂದಿನಿಂದ ಆಕೆ ಯಾರೆದುರೂ ಮನಸಾರೆ ಅತ್ತಿರಲಿಲ್ಲ, ನಕ್ಕಿರಲಿಲ್ಲ, ಬೇಕಾದ ಮಾತು ಆಡಿರಲಿಲ್ಲ.

ಈ ವರ್ಷ ಯುಗಾದಿ ಮುಗಿದ ಮೇಲೆ ಆಕೆ ಒಂದು ಟಗರು ಕೊಳ್ಳಲು ಸಂತೆಗೆ ಹೋದಳು. ಸಮರ್ಥನನ್ನು ಸಣ್ಣಂದಿನಿಂದ ಬಲ್ಲಳು. ಆಕೆಯ ಅಪ್ಪನೂ ಅವನ ಅಪ್ಪನೂ ಜೊತೆಯ ದಲ್ಲಾಳಿಗಳು. ಏನೋ ಒಂದು ಮಾತು ಆಕೆಯ ಗಂಟಲವರೆಗೆ ಬಂತು. ತಲೆಯೆತ್ತಿ ನೋಡಿದರೆ ಮೇಲೆ ಮೂರು ತುಂಬಿ. ಮಾತು ನುಂಗಿದಳು. ಸಮರ್ಥ ಅದನ್ನು ಗಮನಿಸಿದ. ಹೆಗಲ ವಲ್ಲಿ ತೆಗೆದು ತನ್ನ ಬಲಗೈ ಮೇಲೆ ಹಾಸಿಕೊಂಡು, ಕೈಯನ್ನು ಮುಂದೆ ಚಾಚಿದ.

ಹಿಂದೆ ದನದ ಸಂತೆಯಲ್ಲಿ ದಲ್ಲಾಳಿಗಳು ದರ ಮಾತಾಡುತ್ತಿದ್ದುದೇ ಹಾಗೆ. ನೂರು ಜನರ ನಡುವೆ ಕೂತು, ಕೈ ಮೇಲೆ ವಲ್ಲಿ ಹಾಕಿ, ಒಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು, ಒತ್ತಿ, ಕೇಳುತ್ತಿದ್ದರು, ಹೇಳುತ್ತಿದ್ದರು. ದರ ಇಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರು ಅದನ್ನು ಕಳ್ಳತನ ಅನ್ನುತ್ತಿರಲಿಲ್ಲ, ಇಣುಕುತ್ತಲೂ ಇರಲಿಲ್ಲ. ಇಣುಕಿದವನನ್ನೇ ಮರ್ಯಾದೆಗೆಟ್ಟವನು ಅನ್ನುತ್ತಿದ್ದರು. ಫೋನಿನಲ್ಲಿ ಹರಾಜು ಬಂದ ಮೇಲೆ ಆ ಪದ್ಧತಿ ಸತ್ತುಹೋಯಿತು. ಅಪ್ಪನ ಪಕ್ಕ ಕೂತು ಅದನ್ನು ಕಲಿತ ಚಂದನವ್ವನ ಬೆರಳು ಮಾತ್ರ ಮರೆತಿರಲಿಲ್ಲ. ದರ ಹೇಳುವ ಬೆರಳುಗಳಿಗೆ ಇಬ್ಬರೂ ಸೇರಿ ಐದು ವಾರದಲ್ಲಿ ಬೇರೆ ಬೇರೆ ಮಾತು ಕಲಿಸಿದರು. ಏನು ಮಾತಾಡುತ್ತಿದ್ದರು ಎಂದು ನನ್ನನ್ನು ಕೇಳಬೇಡಿ. ಬೀಜದ ಮಾತು ಒಂದೂ ಇರಲಿಲ್ಲ, ಅಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಬೀಜದ ಮಾತು ಯಾಕೆ ಬಂತೆಂದರೆ, ಕಂಪನಿಗೆ ಬಂದ ಅನುಮಾನವೇ ಅದು. ನೆಟ್ ಹೌಸಿನಲ್ಲಿ ಬೆಳೆಯುವುದು ಟೊಮೆಟೊದ ಹೈಬ್ರಿಡ್ ಬೀಜ. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಮುಟ್ಟಿಸಿದರೆ ಹೈಬ್ರಿಡ್. ಯಾವುದು ಅಪ್ಪ, ಯಾವುದು ಅವ್ವ ಎಂಬುದೇ ಕಂಪನಿಯ ಗುಟ್ಟು. ಸಾಲುಗಳಿಗೆ ಹೆಸರಿಲ್ಲ, ಬರೀ ನಂಬರು. ಆ ನಂಬರಿನ ಅರ್ಥ ಮ್ಯಾನೇಜರಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು. ಅದನ್ನೇ ಮೇಸ್ತ್ರಿ ವಲ್ಲಿಯ ಕೆಳಗೆ ಮಾರುತ್ತಿದ್ದಾಳೆ ಎಂಬುದು ಕಂಪನಿಯ ಗುಮಾನಿ.

ಐದನೆಯ ಸಂತೆಯ ಮರುದಿನ ಮ್ಯಾನೇಜರ್ ವಿಹಾನ್ ಆಕೆಯನ್ನು ಕರೆಸಿದರು. ಮೈಸೂರಿನ ಕಡೆಯವರು, ಬಂದು ನಾಲ್ಕು ತಿಂಗಳು. ಕೆಟ್ಟವರಲ್ಲ. ಆದರೆ ಟೊಮೆಟೊ ಗಿಡವನ್ನು ಪರದೆಯ ಮೇಲೆ ನೋಡಿದ್ದೇ ಹೆಚ್ಚು.

"ನೋಡಮ್ಮ, ನಾನು ನಿಮ್ಮ ಮೇಲೆ ಆರೋಪ ಹೊರಿಸ್ತಾ ಇಲ್ಲ. ಆ ದಲ್ಲಾಳಿ ಹತ್ರ ಏನು ಮಾತಾಡ್ತೀರಿ ಅಂತ ಹೇಳಿಬಿಡಿ, ಅಷ್ಟೇ. ಬರೆದುಕೊಂಡು ಮುಗಿಸ್ತೀನಿ."

"ಬೀಜದ್ದಲ್ರಿ ಸಾಹೇಬ್ರ."

"ಮತ್ತೆ ಯಾವುದರದ್ದು?"

"ನಂದು."

"ನಿಮ್ಮದು ಅಂದ್ರೆ ಏನು ಅಂತ ಕೇಳ್ತಾ ಇದೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ಮಾಡ್ತೀರಲ್ಲಮ್ಮ ನೀವು!"

"ಮುಟ್ಟಿ ನೋಡ್ರಿ ಬೇಕಾದ್ರ. ಹೆಗಲ ಮ್ಯಾಲೆ ವಲ್ಲಿ ಐತಿ, ಕುಂಬಳಕಾಯಿ ಇಲ್ಲ."

ವಿಹಾನರ ಮುಖ ಕೆಂಪಾಯಿತು. ಮುಂದಿನ ಸೋಮವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಮೇಸ್ತ್ರಿಕೆ ಹೋಗುತ್ತದೆ, ಇನ್ನು ಮುಂದೆ ಈ ಜಿಲ್ಲೆಯ ಯಾವ ನೆಟ್ ಹೌಸಿನಲ್ಲೂ ಕೆಲಸ ಸಿಗುವುದಿಲ್ಲ ಎಂದರು. ಇಪ್ಪತ್ತಾರು ವರ್ಷದ ಕೆಲಸ. ಹೂ ಬಿಟ್ಟರೆ ಬೇರೆ ವಿದ್ಯೆ ಬಾರದ ಕೈ. ಚಂದನವ್ವ ಹೊರಗೆ ಬಂದಳು. ಹೆದರಿಕೆಯಾಗಿತ್ತು. ಸಿಟ್ಟು ಅದಕ್ಕಿಂತ ಹೆಚ್ಚಾಗಿತ್ತು.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಐಶ್ವರ್ಯಜ್ಜಿ. ಅರವತ್ತನಾಲ್ಕಾದರೂ ಕನ್ನಡಕ ಇಲ್ಲದೆ ಮೊಗ್ಗು ಬಿಡಿಸುವಾಕೆ. "ಹೇಳಿ ಬಿಡವ್ವಾ," ಅಂದಳು ಅಜ್ಜಿ. "ಊರ ಬಾಯಿ ಎಂಟು ದಿನ ಆಡತೈತಿ, ಒಂಬತ್ತನೇ ದಿನ ಸುಮ್ಮನಾಗತೈತಿ. ನೀ ಏನು ಕೊಲೆ ಮಾಡೀಯೇನ?"

"ಅದ ಮತ್ತ, ಅಜ್ಜಿ. ಏನೂ ಮಾಡಿಲ್ಲ. ಮಾಡಿದ್ರ ಹೇಳತಿದ್ದೆ."

"ಇದೆಂಥಾ ಉಲ್ಟಾ ಮಾತ ನಿಂದು?"

ಉಲ್ಟಾ ಎಂದು ಚಂದನವ್ವನಿಗೂ ಅನಿಸಿತು. ಆ ವಾರವೆಲ್ಲ ಯೋಚಿಸಿದಳು. ಹೇಳಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ನಾಲ್ಕು ಜನ ನಗಬಹುದು, ನಾಲ್ಕು ಜನ ಅಯ್ಯೋ ಅನ್ನಬಹುದು. ಆದರೆ ಆ ಮಾತು ಮಾತ್ರ ತನ್ನದಾಗಿ ಉಳಿಯುವುದಿಲ್ಲ. ಆರು ವರ್ಷದಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ.

ಶನಿವಾರ ಮಧ್ಯಾಹ್ನ ಕಂಪನಿಯ ಜೀಪಿನಲ್ಲಿ ನಿಹಾರಿಕಾ ಮುದ್ದಣ್ಣವರ ಬಂದಿಳಿದರು. ನಲವತ್ತೈದರ ಸಣಕಲು ಹೆಂಗಸು, ತಲೆಯೆಲ್ಲ ನರೆತಿತ್ತು. ಹಾವೇರಿಯವರೇ. ಹೆಂಗಸರು ಊಟಕ್ಕೆ ಕೂತ ಚಪ್ಪರಕ್ಕೆ ನೇರ ಬಂದು ಚಂದನವ್ವನ ಎದುರಿಗೆ ನೆಲದ ಮೇಲೆ ಕೂತರು. ಅವರ ಹಿಂದೆಯೇ ಎಂಟ್ಹತ್ತು ತುಂಬಿಗಳು ಚಪ್ಪರದೊಳಗೆ ಬಂದವು.

"ನಿಮ್ಮ ಕೈ ನೋಡಾಕ ಕಳಿಸ್ಯಾರ ನನ್ನ," ಅಂದರು, ಮುಚ್ಚುಮರೆ ಇಲ್ಲದೆ. ಚೀಲದಿಂದ ಒಂದು ತುಂಬಿ ತೆಗೆದರು. ಉಳಿದವುಗಳಿಗಿಂತ ತುಸು ದಪ್ಪ. "ಇದು ಹೊಸಾದು. ವಿಮಾನ ನಿಲ್ದಾಣದಾಗ ಬಟ್ಟಿ ಬಿಚ್ಚಿಸದನ ತಪಾಸಣೆ ಮಾಡತಾರಲ್ಲ, ಅದರಾಗಿನ ಅಲೆ. ಬಟ್ಟಿ ಇದಕ್ಕ ಗಾಜು ಇದ್ದಂಗ, ದಾಟಿ ಹೋಗತೈತಿ. ಚರ್ಮಕ್ಕ ಬಡಿದು ಹೊಳ್ಳಿ ಬರತೈತಿ. ನಾಳೆ ಸಂತ್ಯಾಗ ನಿಮ್ಮ ವಲ್ಲಿ ಮ್ಯಾಲೆ ಇದನ್ನ ಬಿಡತಾರ. ಬೆರಳು ಒಂದೊಂದು ಕಾಣತಾವ."

ಊಟ ಮಾಡುತ್ತಿದ್ದ ಇಪ್ಪತ್ತು ಕೈಗಳೂ ನಿಂತವು.

"ಇದನ್ನೂ ನೀವ ಮಾಡಿದ್ರೇನು?" ಚಂದನವ್ವ ಕೇಳಿದಳು.

"ಹೌದು."

"ತುಂಬೀನೂ ನೀವ."

"ಹೌದು. ಹೂವಿಗೆ ಅಂತ ಮಾಡಿದ್ದೆ." ಚಪ್ಪರದೊಳಗಿನ ತುಂಬಿಗಳ ಕಡೆ ಕೈ ತೋರಿಸಿದರು: "ನನ್ನ ಹಿಂದ ಎಷ್ಟು ಬರತಾವ ನೋಡ್ರಿ. ಮಾಡಿದಾಕಿ ಏನು ಮಾಡತಾಳ ಅಂತ ಮಂದಿಗೆ ಕುತೂಹಲ. ನನ್ನ ಮಗಳ ಜೋಡಿ ಒಂದು ಜಗಳ ಸುದ್ದಾ ಮನಸ್ಸು ಬಿಚ್ಚಿ ಆಡಿ ಎಂಟು ವರ್ಷ ಆತು. ಜಗಳ ಆಡಬೇಕಂದ್ರ ಇಬ್ಬರೂ ಮ್ಯಾಲೆ ನೋಡತೇವಿ. ಆಮ್ಯಾಲೆ ಸುಮ್ಮನ ಆಗತೇವಿ."

ಚಂದನವ್ವನಿಗೆ ಆಯಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಟ್ಟೆ ಸರಿಸಿ ಕೈ ತೊಳೆದು, ವಲ್ಲಿಯನ್ನು ಇಬ್ಬರ ನಡುವೆ ಹಾಸಿದಳು. "ಕೈ ಕೊಡ್ರಿ. ಹೆಂಗ ಇರತೈತಿ ಅಂತ ತಿಳಕೊಳ್ರಿ."

ವಲ್ಲಿಯ ಕೆಳಗೆ ಆಕೆ ನಿಹಾರಿಕಾರ ಬೆರಳು ಹಿಡಿದಳು. ತಿರುಗಿಸಿ ಅಂಗೈಯಲ್ಲಿ ಏನೋ ಒತ್ತಿದಳು. ಒಂದೆರಡು ಸಲ ಒತ್ತಿದ ಮೇಲೆ ನಿಹಾರಿಕಾರಿಗೆ ತಿಳಿಯಿತು. ಅವರ ಕಣ್ಣು ತುಂಬಿಕೊಂಡಿತು. ತುಂಬಿಗಳು ಕಣ್ಣನ್ನು ನೋಡಿದವು, ಕಾರಣ ಸಿಗಲಿಲ್ಲ.

"ಇದಕ್ಕ ಕಾಣದ್ದು ಅಂತ ಏನಾರ ಐತೇನ್ರಿ?" ಚಂದನವ್ವ ದೊಡ್ಡದಾಗಿಯೇ ಕೇಳಿದಳು.

ನಿಹಾರಿಕಾ ತಲೆಯೆತ್ತಿ ತುಂಬಿಗಳನ್ನು ನೋಡಿದರು. "ಅದು ಕಂಪನಿ ಗುಟ್ಟು. ಬಾಯಿ ಬಿಟ್ಟು ಹೇಳಾಕ ಬರಂಗಿಲ್ಲ." ಕೈ ತೆಗೆದು ಪಕ್ಕದ ತಂಬಿಗೆಯಿಂದ ನೀರು ಕುಡಿದರು. ಕುಡಿಯುವಾಗ ಬೆರಳು ತಂಬಿಗೆಯೊಳಗೆ ಅದ್ದಿತು. ಮತ್ತೆ ಕೈಯನ್ನು ವಲ್ಲಿಯ ಕೆಳಗೆ ತಂದರು.

ಚಂದನವ್ವನ ಅಂಗೈಗೆ ತಣ್ಣಗೆ ತಾಗಿತು. ಕೈ ಒರೆಸಿಕೊಳ್ಳಲು ಮರೆತರೇನೋ ಎಂದುಕೊಂಡಳು. ಒದ್ದೆ ಬೆರಳು ಅಂಗೈಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹಾಯಿತು. ಮತ್ತೊಮ್ಮೆ ಹಾಯಿತು. ಮೂರನೆಯ ಸಲಕ್ಕೆ ಆಕೆಗೆ ಅರ್ಥವಾಯಿತು. ನೀರು. ಈ ಅಲೆ ಬಟ್ಟೆಯನ್ನು ದಾಟುತ್ತದೆ, ನೀರನ್ನು ದಾಟಲಾರದು. ಆಕೆ ಆಯಮ್ಮನ ಬೆರಳನ್ನು ಗಟ್ಟಿಯಾಗಿ ಹಿಡಿದಳು, ಬಿಟ್ಟಳು.

ಭಾನುವಾರ ಸಂತೆಯಲ್ಲಿ ಬಿಸಿಲು ಸುಡುತ್ತಿತ್ತು. ಚಂದನವ್ವ ಬಂದವಳೇ ಟ್ಯಾಂಕಿನ ನಲ್ಲಿಯ ಕೆಳಗೆ ವಲ್ಲಿ ಹಿಡಿದು ತೊಯ್ಯಿಸಿ, ಹಿಂಡದೆ ಹಾಗೆಯೇ ತಂದು ಕೈ ಮೇಲೆ ಹಾಕಿದಳು. ಸಮರ್ಥ ಒಮ್ಮೆ ಹುಬ್ಬೇರಿಸಿ ಕೈ ಚಾಚಿದ. ಕಂಪನಿಯ ಹೊಸ ತುಂಬಿ ಬಂದು ಅವರ ಮೇಲೆ ಮುಕ್ಕಾಲು ಗಂಟೆ ನಿಂತಿತು. ಕಚೇರಿಯಲ್ಲಿ ಕೂತ ವಿಹಾನರ ಪರದೆಯ ಮೇಲೆ ಒಂದು ಕಪ್ಪು ಚೌಕ, ಅದರ ಅಂಚಿಗೆ ನೀರು ತೊಟ್ಟಿಕ್ಕುತ್ತಿತ್ತು.

ಸೋಮವಾರ ಬೆಳಿಗ್ಗೆ ವಿಹಾನರಿಗೆ ತಡೆಯಲಾಗಲಿಲ್ಲ. ಎಂಟೂವರೆಗೇ ವಿಚಾರಣೆ ಎಂದು ಎಲ್ಲ ಹೆಂಗಸರನ್ನೂ ನೆಟ್ ಹೌಸಿನ ಅಂಗಳಕ್ಕೆ ಕರೆಸಿದರು. ಬೆಳಗಿನ ಬೆಳಕಿನಲ್ಲಿ ಚಿತ್ರ ಸ್ಪಷ್ಟವಾಗಿ ಬರುತ್ತದೆ, ದಾಖಲೆಗೆ ಒಳ್ಳೆಯದು ಎಂಬುದು ಅವರ ಲೆಕ್ಕಾಚಾರ. ಹೂವಿನ ಕೆಲಸ ಬಲ್ಲ ಯಾವ ಮನುಷ್ಯನೂ ಈ ತಪ್ಪು ಮಾಡುತ್ತಿರಲಿಲ್ಲ. ಕ್ರಾಸಿಂಗ್ ಎಂದರೆ ಎರಡು ಹೊತ್ತಿನ ಕೆಲಸ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಗಂಡು ಭಾಗವನ್ನು ಚಿಮುಟದಿಂದ ಕೀಳಬೇಕು. ಮರುದಿನ ಬೆಳಿಗ್ಗೆ, ಬಿಸಿಲು ಬಲಿಯುವ ಮುಂಚೆ, ಬೆರಳಿನ ಉಂಗುರದಲ್ಲಿ ಪರಾಗ ತುಂಬಿಕೊಂಡು ಅದೇ ಹೂವಿಗೆ ಮುಟ್ಟಿಸಬೇಕು. ಹನ್ನೊಂದರ ಮೇಲೆ ಮುಟ್ಟಿಸಿದರೆ ಫಲವಿಲ್ಲ. ಭಾನುವಾರ ಸಂಜೆ ಸಂತೆಯಿಂದ ಬಂದು ಆ ಹೆಂಗಸರು ಹನ್ನೆರಡು ಸಾವಿರ ಮೊಗ್ಗು ಬಿಡಿಸಿದ್ದರು.

"ವಲ್ಲಿ ಯಾಕೆ ಒದ್ದೆ ಮಾಡಿದಿರಿ?" ವಿಹಾನ್ ಕೇಳಿದರು.

"ಶಕಿ ಆಗಿತ್ರಿ."

"ನಿಮಗೆ ಇದನ್ನ ಯಾರು ಹೇಳಿಕೊಟ್ಟರು?"

ನಿಹಾರಿಕಾ ಬೇಲಿಯ ಹತ್ತಿರ ನಿಂತಿದ್ದರು. ಚಂದನವ್ವ ಆ ಕಡೆ ನೋಡಲೂ ಇಲ್ಲ. "ಬಿಸಲಾಗ ವಲ್ಲಿ ತೊಯಿಸಿಕೊಳ್ಳೋದನ್ನ ರಾಣೆಬೆನ್ನೂರಾಗ ಯಾರೂ ಹೇಳಿಕೊಡಬೇಕಿಲ್ರಿ."

"ಸರಿ. ಕೊನೇ ಸಲ ಕೇಳ್ತೀನಿ. ದಲ್ಲಾಳಿ ಹತ್ರ ಏನು ಮಾತಾಡಿದಿರಿ? ಬೀಜದ ವಿಷಯ ಅಲ್ಲ ಅಂತ ನಾನೂ ನಂಬ್ತೀನಿ ಅಂತಿಟ್ಕೊಳ್ಳಿ. ಆದ್ರೆ ನಂಬಿಕೆಗೆ ಒಂದು ಆಧಾರ ಬೇಕಲ್ಲಮ್ಮ. ಮುಚ್ಚಿಡೋ ಅಂಥದ್ದು ಏನಿದೆ?"

ಅಂಗಳದ ಮೇಲೆ ತುಂಬಿಗಳು ಎಷ್ಟಿದ್ದವೋ ಯಾರೂ ಎಣಿಸಲಿಲ್ಲ. ಊರಿಗೆ ಊರೇ ನೋಡುತ್ತಿತ್ತು. ಚಂದನವ್ವ ತಲೆಯೆತ್ತಿ ಒಂದೊಂದನ್ನೂ ನೋಡಿದಳು. ಬೆಲ್ಲ ತಿಂದ ದಿನ ನೋಡಿದ ತುಂಬಿಯೂ ಇವುಗಳಲ್ಲೇ ಇರಬಹುದು ಅನಿಸಿತು. ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಏನೂ ಇಲ್ರಿ," ಅಂದಳು. "ಮುಚ್ಚಿಡೋವಂಥಾದ್ದು ನಂದು ಏನೂ ಇಲ್ಲ. ಆದ್ರೂ ಮುಚ್ಚತೇನಿ. ನಾಚಿಕಿ ಅಂತ ಅಲ್ಲ, ಹೆದರಿಕಿ ಅಂತನೂ ಅಲ್ಲ. ನನ್ನ ಮಾತು ನಂದು. ಹೇಳಂಗಿಲ್ಲ. ಮೇಸ್ತ್ರಿಕಿ ಬೇಕಾದ್ರ ತಗೊಳ್ರಿ."

"ಹಾಗಾದ್ರೆ ಇವತ್ತಿನಿಂದಲೇ ನೀವು ಕೆಲಸಕ್ಕೆ ಬರೋ ಹಾಗಿಲ್ಲ."

ಚಂದನವ್ವ ಬೆರಳಿನ ಪರಾಗದ ಉಂಗುರ ತೆಗೆದು ಮೇಜಿನ ಮೇಲಿಟ್ಟಳು. ಹಿಂದೆ ಯಾರೋ ಎದ್ದರು. ಐಶ್ವರ್ಯಜ್ಜಿ. ಕಾಲೆಳೆಯುತ್ತ ಬಂದು ತನ್ನ ಉಂಗುರವನ್ನೂ ಇಟ್ಟಳು. "ಎಂಟು ದಿನ ಹಿಂದ ಹೇಳಿ ಬಿಡವ್ವಾ ಅಂದಿದ್ದೆ ನಾನು," ಅಂದಳು ಮ್ಯಾನೇಜರ ಕಡೆ ತಿರುಗಿ. "ತಪ್ಪು ಮಾತ ಆಡಿದ್ದೆ." ಅಜ್ಜಿಯ ಹಿಂದೆ ಒಬ್ಬೊಬ್ಬರೇ ಬಂದರು. ಇಪ್ಪತ್ತೊಂದು ಉಂಗುರಗಳು ಮೇಜಿನ ಮೇಲೆ ಸಾಲಾಗಿ ಕೂತವು. ಆಮೇಲೆ ಹೆಂಗಸರು ತೊಟ್ಟಿಯಲ್ಲಿ ತಮ್ಮ ತಮ್ಮ ವಲ್ಲಿ ಅದ್ದಿಕೊಂಡು ಬಂದು, ಅಂಗಳದಲ್ಲೇ ಇಬ್ಬಿಬ್ಬರಾಗಿ ಎದುರುಬದುರು ಕೂತು, ಕೈ ಮೇಲೆ ಹಾಸಿಕೊಂಡರು. ಅವರಲ್ಲಿ ಎಷ್ಟೋ ಜನಕ್ಕೆ ಬೆರಳಿನ ಮಾತು ಬರುತ್ತಲೇ ಇರಲಿಲ್ಲ. ಸುಮ್ಮನೆ ಕೈ ಹಿಡಿದುಕೊಂಡು ಕೂತಿದ್ದರು. ಆದರೆ ಅದು ಹೊರಗೆ ಯಾರಿಗೆ ಗೊತ್ತು?

ಒಂಬತ್ತೂವರೆ ಆಯಿತು. ಹತ್ತಾಯಿತು. ನೆಟ್ ಹೌಸಿನೊಳಗೆ ಬಿಸಿಲು ಏರುತ್ತಿತ್ತು. ವಿಹಾನ್ ಎರಡು ಸಲ ಫೋನಿನಲ್ಲಿ ಮಾತಾಡಿದರು. ನಿಹಾರಿಕಾರನ್ನು ಕರೆದು, ತುಂಬಿಗಳಿಂದಲೇ ಹೂ ಮುಟ್ಟಿಸಲು ಬರುವುದಿಲ್ಲವೇ ಎಂದು ಕೇಳಿದರು. "ಹತ್ತು ವರ್ಷ ಪ್ರಯತ್ನ ಮಾಡೇನಿ. ಅವಕ್ಕ ನೋಡಾಕಷ್ಟ ಬರತೈತಿ," ಅಂದರು ನಿಹಾರಿಕಾ. ಅವರ ದನಿಯಲ್ಲಿ ಹತ್ತು ವರ್ಷದಲ್ಲಿ ಮೊದಲ ಸಲ ಒಂದು ಸಂತೋಷವಿತ್ತು.

ಹತ್ತೂಕಾಲಿಗೆ ವಿಹಾನ್ ಮೇಜಿನಿಂದ ಎದ್ದು ಬಂದು ಚಂದನವ್ವನ ಮುಂದೆ ನಿಂತರು. "ಏನು ಬೇಕು ನಿಮಗೆ?"

"ಒಳಗ, ಊಟದ ಚಪ್ಪರದಾಗ, ಒಂದೂ ತುಂಬಿ ಬರಬಾರದು. ವಲ್ಲಿ ಕೆಳಗಿನ ಮಾತು ಯಾರೂ ಯಾರಿಗೂ ಕೇಳಬಾರದು. ಕಂಪನಿ ಹೆಸರಿನ ಮ್ಯಾಲೆ ಬರದು ಕೊಡ್ರಿ."

ಬರೆದುಕೊಟ್ಟರು. ಹೆಂಗಸರು ಉಂಗುರ ತೊಟ್ಟು ಓಡಿದರು. ಒಂದೂವರೆ ಸಾವಿರ ಹೂ ಕೆಟ್ಟವು, ಉಳಿದವು ಕಾಯಿಗಟ್ಟಿದವು. ಮಧ್ಯಾಹ್ನ ವಿಹಾನ್ ಚಪ್ಪರದ ಹತ್ತಿರ ಬಂದು, ಈಗ ಎಲ್ಲ ಮುಗಿಯಿತಲ್ಲ, ಬರೀ ಕುತೂಹಲಕ್ಕೆ ಕೇಳುತ್ತೇನೆ, ಏನು ಮಾತಾಡಿದಿರಿ ಎಂದರು. ಚಂದನವ್ವ ನಕ್ಕಳು. "ಸಾಹೇಬ್ರ, ನಿನ್ನೆ ನೀವು ಮನ್ಯಾಗ ನಿಮ್ಮ ಹೆಂಡ್ತಿ ಜೋಡಿ ಏನು ಮಾತಾಡಿದ್ರಿ?" ವಿಹಾನ್ ಬಾಯಿ ತೆರೆದರು. ಚಪ್ಪರದ ಆಚೆ, ಬರೆದುಕೊಟ್ಟ ಗಡಿಯ ಹೊರಗೆ, ಅವರನ್ನೇ ಕಾಯುತ್ತ ಹಾರಾಡುತ್ತಿದ್ದ ಮೂರು ತುಂಬಿಗಳ ಕಡೆ ಅವರ ಕಣ್ಣು ಹೋಯಿತು. ಬಾಯಿ ಮುಚ್ಚಿಕೊಂಡು ಒಳಗೆ ಬಂದು, ನೆಲದ ಮೇಲೆ ಕೂತು, ಕೈ ಚಾಚಿದರು. "ನನಗೂ ಸ್ವಲ್ಪ ಕಲಿಸಮ್ಮ."

ಆ ಮಳೆಗಾಲ ಮುಗಿಯುವುದರೊಳಗೆ ವಲ್ಲಿ ಹಾವೇರಿ ದಾಟಿ, ದಾವಣಗೆರೆ ದಾಟಿ ಹೋಯಿತು. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಕಾಲೇಜಿನ ಮೆಟ್ಟಿಲಿನ ಮೇಲೆ ಜನ ಒದ್ದೆ ಬಟ್ಟೆಯ ಕೆಳಗೆ ಕೈ ಹಿಡಿದು ಕೂತರು. ನಿಹಾರಿಕಾ ಕೆಲಸ ಬಿಟ್ಟರು. ಮಗಳ ಜೊತೆ ಎಂಟು ವರ್ಷದ ಜಗಳವನ್ನೆಲ್ಲ ಬೆರಳಲ್ಲೇ ಆಡಿ ತೀರಿಸಿದರಂತೆ, ಇಬ್ಬರ ಕೈಯೂ ಎರಡು ದಿನ ನೋಯುತ್ತಿತ್ತಂತೆ. ಬರೀ ಒಳ್ಳೆಯದೇ ಆಯಿತು ಅನ್ನಲಾರೆ. ವಲ್ಲಿಯ ಕೆಳಗೆ ಲಂಚದ ಮಾತೂ ನಡೆಯಿತು, ಮೋಸವೂ ನಡೆಯಿತು. ಅದನ್ನು ಹಿಡಿದು ಪತ್ರಿಕೆಯವರೊಬ್ಬರು ಚಂದನವ್ವನನ್ನು ಕೇಳಿದಾಗ ಆಕೆ ಅಂದದ್ದು ಇಷ್ಟು: "ಬಾಗಲಾ ಇದ್ದ ಊರಾಗ ಕಳ್ಳನೂ ಬಾಗಲಾ ಹಾಕ್ಕೋತಾನ. ಅದಕ್ಕ ಮಂದಿ ತಮ್ಮ ಮನಿ ಬಾಗಲಾ ಕಿತ್ತು ಒಗೀತಾರೇನು?"

ಬೀಜ ತೆಗೆಯುವ ದಿನ ನಿಹಾರಿಕಾ ಹೆಂಗಸರನ್ನು ನೋಡಲು ಬಂದಿದ್ದರು. ಚಪ್ಪರದಲ್ಲಿ ತುಂಬಿಗಳಿರಲಿಲ್ಲ. ಬಾಯಿ ಬಿಟ್ಟೇ ಮಾತಾಡಬಹುದಿತ್ತು. "ಮಂದಿ ಬಾಗಲಾ ಕಿತ್ತಾಕಿ ನಾನ," ಅಂದರು ಅವರು. "ಆ ಪಾಪ ನನ್ನ ತಲಿ ಮ್ಯಾಲೆ ಇರತೈತಿ."

ಟೊಮೆಟೊ ಹಿಸುಕುತ್ತಿದ್ದ ಐಶ್ವರ್ಯಜ್ಜಿ ಕೈ ನಿಲ್ಲಿಸಲಿಲ್ಲ. "ನೀ ಯಾಕ ಹೊರತೀ ಬಿಡವ್ವಾ ಅದನ್ನ. ನೀ ಬರೋದ್ರಾಗ ಬಾಗಲಾ ಎಲ್ಲಿತ್ತು? ನನಗ ಇಪ್ಪತ್ತೈದು ವಯಸ್ಸಿದ್ದಾಗ ಯಾವ ತುಂಬೀನೂ ಇರಲಿಲ್ಲ. ಕೈಯಾಗ ಒಂದು ಫೋನಿತ್ತು, ಅಷ್ಟ. ಉಂಡದ್ದು, ಉಟ್ಟದ್ದು, ಕೂಸು ಹೆತ್ತದ್ದು, ಅಪ್ಪನ ಹೆಣದ ಮುಂದ ಅತ್ತದ್ದು, ಎಲ್ಲಾ ನಾವ ತಗದು, ನಾವ ಹಾಕಿ, ಎಷ್ಟು ಮಂದಿ ನೋಡಿದ್ರು ಅಂತ ಕಾಯ್ಕೊಂತ ಕುಂಡರತಿದ್ವಿ. ನೋಡಲಿಲ್ಲ ಅಂದ್ರ ಸಿಟ್ಟು ಬರತಿತ್ತು. ಒಪ್ಪಿಗಿ ಐತೇನು ಅಂತ ಫೋನು ಕೇಳತಿತ್ತು, ಓದದನ ಹೂಂ ಹೂಂ ಅಂತ ಒತ್ತತಿದ್ವಿ." ಅಜ್ಜಿ ಬೀಜದ ಕೈಯನ್ನು ನೀರಿನಲ್ಲಿ ಜಾಡಿಸಿದಳು. "ಆಗ ಕುತಿಗಿಗೆ ಯಾರೂ ಚಾಕು ಹಿಡಿದಿರಲಿಲ್ಲ. ಕೆಲಸ ಹೋಗತೈತಿ ಅಂತ ಯಾರೂ ಹೆದರಿಸಿರಲಿಲ್ಲ. ಹೇಳಂಗಿಲ್ಲ ಅಂದಿದ್ರ ಅಲ್ಲಿಗೆ ಮುಗೀತಿತ್ತು. ಯಾರೂ ಅನ್ನಲಿಲ್ಲ."